ತೋಳಿನ ಮೇಲಿನ ಕಡುನೀಲಿ

ನಾನು ಮಾಡಿದ ರಫುವನ್ನು ಬೆರಳಿಟ್ಟು ತೋರಿಸಬಲ್ಲವರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಜಂಬ ಅಂದರೆ ಜಂಬವೇ. ಬಟ್ಟೆಯ ಅಂಚಿನಿಂದಲೇ ಎಳೆ ಬಿಡಿಸಿ, ಹರಿದಲ್ಲಿ ಹೆಣೆದೆನೆಂದರೆ ತನಗೊಂದು ಗಾಯವಿತ್ತು ಎಂಬುದು ಬಟ್ಟೆಗೇ ಮರೆತುಹೋಗಬೇಕು.

ಆ ಜಂಬಕ್ಕೆ ಮೊದಲ ಪೆಟ್ಟು ಕೊಟ್ಟವರು ಒಬ್ಬ ರೈಲು ಡ್ರೈವರ್.

"ತೋಳಿನ ಬ್ಯಾಡ್ಜ್ ಬಿಚ್ಚಿಕೊಡಿ ಅಂದಿದ್ದೆ, ಅಷ್ಟೇ," ಎಂದರು ಅವರು, ನೀಲಿ ಕೋಟನ್ನು ಮೇಜಿನ ಮೇಲೆ ಹಾಸಿ. "ಇದೇನು ಮಾಡಿದ್ದೀರಿ?"

"ಕೋಟೆಲ್ಲ ಮಾಸಿದೆ, ಬ್ಯಾಡ್ಜ್ ಇದ್ದ ಜಾಗ ಮಾತ್ರ ಕಡುನೀಲಿಯಾಗೇ ಉಳಿದಿತ್ತು. ನೋಡೋಕೆ ಚೆನ್ನಾಗಿರಲ್ಲ ಅಂತ ಅದರ ಮೇಲೆ ಮಾಸಿದ ಎಳೆ ಹೆಣೆದೆ. ಎರಡು ದಿನ ಹಿಡೀತು. ಎಲ್ಲಿತ್ತು ಅಂತ ಹುಡುಕಿ ನೋಡೋಣ!"

ಅವರು ಹುಡುಕಿದರು. ಉದ್ದನೆಯ ಬೆರಳುಗಳು ತೋಳಿನ ಮೇಲೆ ಮೆಲ್ಲಗೆ ಓಡಾಡಿದವು. ನನಗೇಕೋ ನನ್ನ ತೋಳು ಜುಮ್ಮೆಂದಿತು.

"ಸಿಗ್ತಿಲ್ಲ," ಎಂದರು. ದನಿ ಒಡೆದಿತ್ತು.

ಹೊಲಿಗೆಯಂತ್ರದ ಹಿಂದಿನಿಂದ ಅಂಗಡಿಯ ಯಜಮಾನ, ನನ್ನ ಸೋದರಮಾವ, ಇಣುಕಿದ. "ಸೂಜಿಮಲ್ಲಿ, ಕೆಲಸ ಚೆನ್ನಾಗಾಯ್ತು ಅಂತ ಅಳೋ ಗಿರಾಕೀನ ಇವತ್ತೇ ನೋಡಿದ್ದು ಕಣೇ!"

"ಮಾವ, ಸುಮ್ನಿರು."

ಡ್ರೈವರ್ ಸ್ಟೂಲಿನ ಮೇಲೆ ಕುಸಿದು ಕೂತರು. "ಹನ್ನೊಂದು ವರ್ಷ ರೈಲು ಓಡಿಸಿದ್ದೀನಿ ರೀ. ಮೂರು ತಿಂಗಳ ಹಿಂದೆ ಕಣ್ಣಿನ ಟೆಸ್ಟಲ್ಲಿ ಕೆಂಪು ಯಾವ್ದು, ಹಸಿರು ಯಾವ್ದು ಹೇಳೋಕಾಗ್ಲಿಲ್ಲ. ಈಗ ಪಾರ್ಸೆಲ್ ಆಫೀಸಲ್ಲಿ ಚೀಟಿ ಅಂಟಿಸ್ತೀನಿ. ಯಾರೂ ಸತ್ತಿಲ್ಲ, ಸಂಬಳ ನಿಂತಿಲ್ಲ, ಇನ್ನೇನೋ ನಿನ್ನ ಗೋಳು ಅಂತಾಳೆ ಅಮ್ಮ. ಬ್ಯಾಡ್ಜ್ ಅವರದು, ವಾಪಸ್ ಕೊಡಲೇಬೇಕು. ಆ ಗುರುತಾದ್ರೂ ನಂದು ಅಂದ್ಕೊಂಡಿದ್ದೆ."

ನನ್ನ ಅಜ್ಜಿಯ ಕಥೆಗಳಲ್ಲಿ ರಾಜ್ಯ ಕಳೆದುಕೊಂಡ ರಾಜನಿಗೆ ಅಳುವುದಕ್ಕೆಂದೇ ಒಂದು ಕಾಡು ಇರುತ್ತಿತ್ತು. ಇವರಿಗೆ ಒಂದು ಮೂಲೆಯೂ ಇರಲಿಲ್ಲ.

"ನೀವು ಕೂತಿದ್ದೀರಲ್ಲ, ಅದು ನನ್ನ ಗೆಳತಿಯ ಸ್ಟೂಲು," ಎಂದೆ. "ಒಂದು ಮಾತಿಗೆ ಮುನಿಸಿಕೊಂಡು ಹೋದಳು. ಎರಡು ವರ್ಷ ಆಯ್ತು. ಮೂರನೇ ಬೀದಿಯಲ್ಲೇ ಇದ್ದಾಳೆ, ಚೆನ್ನಾಗೇ ಇದ್ದಾಳೆ. ಎದುರು ಬಂದ್ರೆ ಮುಖ ತಿರುಗಿಸ್ತಾಳೆ. ಬದುಕಿರೋರಿಗಾಗಿ ಅತ್ತರೆ ಅಪಶಕುನ ಅಂತ ನಮ್ಮ ಮನೇಲೂ ಬೈತಾರೆ."

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಕೆಂಪು ಹಸಿರು ಗೊತ್ತಾಗದ ಆ ಕಣ್ಣುಗಳಿಗೆ ನಾನು ಮಾತ್ರ ಪೂರ್ತಿ ಕಾಣಿಸಿದೆ.

"ಕೋಟು ಬಿಟ್ಟು ಹೋಗಿ," ಎಂದೆ. "ಬಿಚ್ಚಿಕೊಡ್ತೀನಿ."

"ನಿಮ್ಮ ಎರಡು ದಿನದ ಕೆಲಸ..."

"ನನ್ನ ಕೆಲಸ. ಕಟ್ಟೋದೂ ನಾನೇ, ಬಿಚ್ಚೋದೂ ನಾನೇ."

ಹೆಣೆಯುವುದಕ್ಕಿಂತ ಬಿಚ್ಚುವುದು ಕಷ್ಟ. ಒಂದೊಂದೇ ಎಳೆ ಹೆಕ್ಕಿದೆ. ದಿನವೂ ಸಂಜೆ ಪಾರ್ಸೆಲ್ ಆಫೀಸು ಮುಚ್ಚಿದ ಮೇಲೆ ಅವರು ಬರುತ್ತಿದ್ದರು. "ಎಷ್ಟಾಯ್ತು?" ಎಂದು ಕೇಳುತ್ತಿದ್ದರು. "ಬೆರಳಗಲ," ಎನ್ನುತ್ತಿದ್ದೆ. ಮೂರು ದಿನದ ಕೆಲಸವನ್ನು ವಾರಕ್ಕೆ ಎಳೆದೆ. ಮಾವನಿಗೆ ಎಲ್ಲ ಗೊತ್ತಿತ್ತು. ಕನ್ನಡಕ ಒರೆಸುವ ನೆಪದಲ್ಲಿ ಆಗಾಗ ಕೆಮ್ಮುತ್ತಿದ್ದ.

ಕೊನೆಗೊಂದು ಸಂಜೆ ಕಡುನೀಲಿ ಮಚ್ಚೆ ಮೂಡಿ ನಿಂತಿತು, ಅಂಗೈಯಷ್ಟಗಲ. ಅವರು ಕೋಟು ತೊಟ್ಟು ಕನ್ನಡಿ ನೋಡಿದರು.

"ಶನಿವಾರ ಡ್ರೈವರ್‌ಗಳ ರೂಮಲ್ಲಿ ನನಗೆ ಬೀಳ್ಕೊಡುಗೆಯಂತೆ. ಹೋಗಬಾರದು ಅಂತಿದ್ದೆ. ಎಲ್ಲರೂ ಪಾಪ ಅಂತ ನೋಡ್ತಾರೆ."

"ನೋಡಲಿ ಬಿಡಿ. ಹನ್ನೊಂದು ವರ್ಷ ಸಾವಿರಾರು ಜನರನ್ನ ಕ್ಷೇಮವಾಗಿ ಮನೆ ಮುಟ್ಟಿಸಿದ್ದೀರಿ. ಕಳೆದುಕೊಳ್ಳೋಕೆ ಅಂಥದ್ದೊಂದು ಎಷ್ಟು ಜನರ ಹತ್ರ ಇರುತ್ತೆ?"

ಅವರು ತೋಳಿನ ಮಚ್ಚೆಯನ್ನೊಮ್ಮೆ ಸವರಿಕೊಂಡರು. ಆಮೇಲೆ, "ಜೊತೆಗೆ ಬರ್ತೀರಾ?" ಎಂದರು.

"ಬಂದ್ರೆ ಯಾರು ಅಂತ ಹೇಳ್ತೀರಿ?"

"ಶನಿವಾರದೊಳಗೆ ಯೋಚಿಸ್ತೀನಿ." ಮೊದಲ ಸಲ ನಕ್ಕರು. ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಶನಿವಾರ ಆ ರೂಮಿನಲ್ಲಿ ಇಪ್ಪತ್ತು ಜನರಿದ್ದರು. ಇಂಜಿನ್ ಎಣ್ಣೆಯ ವಾಸನೆ, ಗೋಡೆ ತುಂಬ ವೇಳಾಪಟ್ಟಿ. ಎಲ್ಲರ ಕಣ್ಣೂ ಮೊದಲು ಆ ತೋಳಿಗೆ ಹೋಯಿತು. ಅವರು ತೋಳನ್ನು ಮರೆಮಾಡಲಿಲ್ಲ. ನೆಟ್ಟಗೆ ನಿಂತು, "ಓಡಿಸಿದಷ್ಟು ದಿನ ಚೆನ್ನಾಗಿ ಓಡಿಸಿದೆ. ಈಗ ಇಲ್ಲ ಅನ್ನೋ ದುಃಖ ಇದೆ. ಇದೆ ಅಂತ ಹೇಳೋಕೆ ನಂಗೆ ನಾಚಿಕೆ ಇಲ್ಲ," ಎಂದರು.

ಯಾರೂ ಪಾಪ ಎನ್ನಲಿಲ್ಲ. ಮುಂದಿದ್ದ ಹಿರಿಯ ಡ್ರೈವರ್ ಎದ್ದು ನಿಂತರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಆಮೇಲೆ ಆ ಹಿರಿಯರು ನನ್ನ ಕಡೆ ಹುಬ್ಬು ಹಾರಿಸಿದರು. "ಇವರು?"

ನಾನು ನನ್ನ ಡ್ರೈವರ್ ಕಡೆ ತಿರುಗಿದೆ.

"ರಫು ಮಾಡೋದ್ರಲ್ಲಿ ಊರಿಗೇ ಮೊದಲು," ಎಂದರು ಅವರು. "ನನಗೋಸ್ಕರ ತನ್ನ ಅತಿ ಒಳ್ಳೆ ಕೆಲಸಾನ ಬಿಚ್ಚಿದವಳು. ಒಪ್ಪಿದ್ರೆ, ನನ್ನ ಹೆಂಡತಿ."

"ನಾನು ಒಪ್ಪಿ ಆಗ್ಲೇ ಹತ್ತು ದಿನ ಆಯ್ತು," ಎಂದೆ. "ಕೇಳೋರೇ ಈಗ ಬಂದ್ರು."

"ಅಯ್ಯೋ ಮಾರಾಯ!" ಹಿರಿಯರು ತೊಡೆ ತಟ್ಟಿದರು. "ಹನ್ನೊಂದು ವರ್ಷದಲ್ಲಿ ಇವನ ಗಾಡಿ ಲೇಟಾಗಿದ್ದು ಇದೇ ಮೊದಲು!"