ಅಟ್ಟೆ ಸವೆಸಿದವನು

ಈ ಊರಿನ ಕಳ್ಳಕಾಕರ ಬುದ್ಧಿಯನ್ನೆಲ್ಲ ಒಟ್ಟಿಗೆ ಅರೆದರೂ ನಮ್ಮ ಕಿಲಾಡಿಯ ಕಿರುಬೆರಳ ಉಗುರಿಗೆ ಹಚ್ಚಲು ಸಾಲದು. ಅವನು ಬೀದಿಗೆ ಬಂದರೆ ಪೊಲೀಸ್ ಠಾಣೆಯ ಬೀಗಗಳು ತಾವಾಗಿಯೇ ಕಳಚಿ ನಮಸ್ಕರಿಸುತ್ತಿದ್ದವು. ನನಗೆ ಅವನು ದೂರದ ಪರಿಚಯ, ಅಷ್ಟೇ.

ಸುಳ್ಳು ಹಿಡಿಯುವುದೇ ಅವನ ಕಸುಬು. ವಿಮಾ ಕಂಪನಿಯ ಪರವಾಗಿ, ಅಪಘಾತವಾದ ಗಾಡಿಗಳನ್ನು ನೋಡಿ ವರದಿ ಬರೆಯುತ್ತಿದ್ದ. ಬಾಗಿಲ ಮೇಲಿನ ಒಂದೇ ಒಂದು ಗೀರು ಸಾಕು; ಕಾರು ಉಜ್ಜಿದ್ದು ಕಂಬಕ್ಕೋ ಗೋಡೆಗೋ, ಆಗ ಮಾಲೀಕ ಫೋನಿನಲ್ಲಿ ಯಾರೊಂದಿಗೆ ಜಗಳವಾಡುತ್ತಿದ್ದ ಎಂಬುದನ್ನೂ ಹೇಳಿಬಿಡುತ್ತಿದ್ದ.

ಇಂಥವನಿಗೆ ಊರೊಳಗೆ ಒಂದು ಬಾಡಿಗೆ ಮನೆ ಗಿಟ್ಟಲಿಲ್ಲ. ಇದ್ದದ್ದು ಊರಾಚೆ. ಟೀಚರ್ ಆಗಿದ್ದ ಹೆಂಡತಿ ಎರಡು ಬಸ್ಸು ಬದಲಿಸಿ ಶಾಲೆ ಮುಟ್ಟುವಷ್ಟರಲ್ಲಿ ಅರ್ಧ ಜೀವವಾಗುತ್ತಿದ್ದಳು. ಆಗಲೇ ಆ ಶಾಲೆಯಿಂದ ಎರಡೇ ಬೀದಿ ಆಚೆ ಒಂದು ಮನೆ ಖಾಲಿಯಾಯಿತು. ಮಾರುಕಟ್ಟೆ, ಆಸ್ಪತ್ರೆ, ಗ್ರಂಥಾಲಯ ಎಲ್ಲ ಕೂಗಳತೆಯಲ್ಲಿ. ಬಾಡಿಗೆ ಅಕ್ಕಪಕ್ಕದವರ ಅರ್ಧ. ಷರತ್ತು ಒಂದೇ: ಬರುವವರ ಬಳಿ ಗಾಡಿ ಇರಕೂಡದು. ಹಿಂದಿನವರು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದ್ದ ಸ್ಕೂಟರಿಗೆ ಎಡವಿ ಮನೆಯೊಡತಿ ಅಜ್ಜಿ ಸೊಂಟ ಮುರಿದುಕೊಂಡಿದ್ದಳು.

“ಬೈಕ್ ಮಾರ್ಬಿಡಿ,” ಎಂದಳು ಹೆಂಡತಿ.

“ಹೇಳೋಕೆ ನಾಲಿಗೆಯಾದ್ರೂ ಹೇಗೆ ಬಂತೇ? ನಿನಗಿಂತ ಮುಂಚೆ ನನ್ನ ಬಾಳಿಗೆ ಬಂದಿದ್ದು ಅದು.”

“ಸರಿ ಹಂಗಾದ್ರೆ. ಈ ಮನೇನೂ ತಪ್ಪಿದ್ರೆ ನಾನು ಅಕ್ಕನ ಮನೆಗೆ ಹೊರಟೆ. ನೀವು ಅದರ ಜೊತೇನೇ ಸಂಸಾರ ಮಾಡಿ.”

ಮನೆಯೂ ಬೇಕು, ಹೆಂಡತಿಯೂ ಬೇಕು, ಬೈಕೂ ಬೇಕು. ಕಿಲಾಡಿ ಸಂಚು ಹೂಡಿದ.

ಮೊದಲು ವಿಚಾರಣೆ. ಅಜ್ಜಿಯ ಗಂಡ ಚಪ್ಪಲಿ ಹೊಲಿಯುತ್ತಿದ್ದವನು. ನಲವತ್ತು ವರ್ಷ ಅವಳೂ ಪಕ್ಕದಲ್ಲಿ ಕೂತು ಸೂಜಿ ಹಿಡಿದವಳು. ಮನೆ ಕೇಳಿ ಬಂದವರ ಮುಖ ನೋಡುವುದಿಲ್ಲ. ಬೂಟು ಬಿಚ್ಚಿಸಿ, ಮಗುಚಿ, ಅಟ್ಟೆ ನೋಡುತ್ತಾಳೆ. ನಡೆಯುವವನ ಅಟ್ಟೆ ಸವೆದಿರಬೇಕು. ಸವೆಯದಿದ್ದರೆ ದಾರಿ ನೋಡಿಕೊಳ್ಳಬೇಕು.

ಇಷ್ಟೇನಾ, ಎಂದು ನಕ್ಕ. ಹೊಸ ಬೂಟು ಕೊಂಡು ಸಿಕ್ಕಿಬೀಳುವವರು ದಡ್ಡರು. ಅವನು ಎರಡು ವರ್ಷದಿಂದ ಕೆಲಸಕ್ಕೆ ಹಾಕುತ್ತಿದ್ದವನ್ನೇ ಆರಿಸಿದ. ಮೂರು ದಿನ ಅಂಚೆಯವನ ಬೆನ್ನು ಹತ್ತಿ (ಬೈಕಿನಲ್ಲೇ) ನಡೆಯುವವರ ಹಿಮ್ಮಡಿ ಹೊರಅಂಚಿನಲ್ಲಿ ಸವೆಯುತ್ತದೆ ಎಂದು ಕಂಡುಹಿಡಿದ. ಅರ ತಂದು ಒಂದೊಂದು ಎಳೆಯಷ್ಟೇ ಉಜ್ಜಿದ. ಹೊಲಿಗೆಯ ಸಂದಿಗೆ ಸೂಜಿಯಿಂದ ಬೀದಿಯ ಧೂಳು ತುರುಕಿದ. ಪಾಲಿಶ್ ಮಾತ್ರ ಮುಟ್ಟಿಸಲಿಲ್ಲ. ದಿನಾ ನಡೆಯುವವನ ಬೂಟು ಹೊಳೆಯುವುದುಂಟೇ? ಶಿಲ್ಪಿಗಳು ಕಲ್ಲಿಗೆ ಕೊಡದ ಆರೈಕೆಯನ್ನು ಅವನು ರಬ್ಬರಿಗೆ ಕೊಟ್ಟ. ಬೈಕನ್ನು ಹಿಂದಿನ ಬೀದಿಯ ಗ್ಯಾರೇಜಿನಲ್ಲಿ ಟಾರ್ಪಾಲು ಹೊದಿಸಿ ಮಲಗಿಸಿ ಬಂದ.

ಅಜ್ಜಿಯ ಮನೆಯ ಮೆಟ್ಟಿಲ ಬುಡದಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳು ನಿಂತಿದ್ದಳು.

“ಅಣ್ಣಾ, ಮನೆ ತೋರಿಸೋದು ಇವತ್ತೇ ಅಲ್ವಾ?”

“ಅಯ್ಯೋ, ಆಗ್ಲೇ ಯಾರಿಗೋ ಕೊಟ್ಟಾಯ್ತಂತಲ್ಲ ತಾಯಿ!”

ಅವಳು ಸಪ್ಪೆ ಮೋರೆ ಹಾಕಿಕೊಂಡು ಹೊರಟಳು. ಇವನು ಶಿಳ್ಳೆ ಹಾಕುತ್ತ ಮೆಟ್ಟಿಲೇರಿದ.

ಅಜ್ಜಿ ಬೂಟುಗಳನ್ನು ಮಡಿಲಲ್ಲಿ ಮಗುಚಿಕೊಂಡು ಹಿಮ್ಮಡಿಯ ಮೇಲೆ ಹೆಬ್ಬೆರಳಾಡಿಸಿದಳು. “ಪರವಾಗಿಲ್ವೇ ಮಗಾ! ಚೆನ್ನಾಗಿ ಸವೆಸಿದೀಯ.”

“ಏನ್ಮಾಡೋದಜ್ಜಿ, ನಡೆದು ನಡೆದು ಇನ್ನು ಕಾಲೇ ಸವೀಬೇಕು.”

‘ನನ್ನ ಬಳಿ ಯಾವ ವಾಹನವೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಜಡಿದ. ಬೀಗದಕೈಗೆ ಕೈ ಚಾಚಿದ. ಹೆಂಡತಿ ಆ ಕಿಟಕಿಗೆ ಯಾವ ಬಣ್ಣದ ಪರದೆ ಹಾಕುತ್ತಾಳೆ ಎಂಬುದೂ ಅವನ ಕಣ್ಣಿಗೆ ಕಟ್ಟಿತು.

ಅಜ್ಜಿ ಹಿಂದಿರುಗಿಸಲೆಂದು ಬೂಟುಗಳನ್ನು ನೆಟ್ಟಗೆ ಜೋಡಿಸಿಟ್ಟವಳು ಅಲ್ಲೇ ನಿಂತಳು. ಬಲಗಾಲಿನದು ಮೇಲೆ ನುಣುಪಾಗಿತ್ತು. ಎಡಗಾಲಿನದರ ಬೆರಳ ಮೇಲೆ ಒಂದು ಕಪ್ಪು ಗೀರು, ತೊಗಲು ಸುಲಿದು ಹೋಗಿತ್ತು. “ನಡೆಯೋರಿಗೆ ತಳ ಸವೆಯುತ್ತೆ ಮಗಾ, ನಿನಗೆ ನೆತ್ತೀನೂ ಸವೆದಿದೆಯಲ್ಲ! ತಲೆಕೆಳಗಾಗಿ ನಡೀತೀಯಾ? ದಿನಾ ಬೈಕಿನ ಗೇರ್ ಎತ್ತಿದ ಗುರುತಲ್ವೇನೋ ಇದು?” ಎಂದವಳೇ ಬೀಗದಕೈ ಸೆರಗಿಗೆ ಗಂಟು ಹಾಕಿದಳು. “ಕೆಳಗೆ ನೀನು ಬೊಗಳಿದ್ದೂ ಕೇಳಿಸ್ತು, ಎಲ್ಲೀವರೆಗೆ ಹೋಗ್ತೀಯ ನೋಡೋಣ ಅಂತಿದ್ದೆ. ಆ ಹುಡುಗಿ ನಡ್ಕೊಂಡು ಹೋದೋಳು, ಇನ್ನೂ ತಿರುವು ದಾಟಿರಲ್ಲ. ಓಡಿಹೋಗಿ ಕರ್ಕೊಂಡು ಬಾ. ಇಲ್ದಿದ್ರೆ ಈ ಕಾಗದ ಸ್ಟೇಷನ್‌ಗೆ ಹೋಗುತ್ತೆ.” ಓಡಿದೆ. ಹೌದು, ಓಡಿದವನು ನಾನೇ. ದೂರದ ಪರಿಚಯ ಎಂದೆನಲ್ಲ, ಕನ್ನಡಿ ಇರುವಷ್ಟು ದೂರ. ಠಾಣೆಯ ಬೀಗಗಳ ಮಾತೆಲ್ಲ ಬುರುಡೆ. ಠಾಣೆ ಎಂದಾಗ ನಮಸ್ಕರಿಸಿದ್ದು ನಾನು. ಊರವರ ಗೀರುಗಳನ್ನೆಲ್ಲ ಓದಿದವನು ಎರಡು ವರ್ಷ ನನ್ನದೇ ಕಾಲ ಮೇಲೆ ಹೊತ್ತು ತಿರುಗಿದ ಗೀರನ್ನು ಓದಲಿಲ್ಲ. ಆ ಕಿಟಕಿಗೆ ಈಗ ನರ್ಸಮ್ಮನ ಪರದೆ ಇದೆ, ಹೆಂಡತಿ ಅಕ್ಕನ ಮನೆಯಲ್ಲಿದ್ದಾಳೆ. ಬೈಕು ಮಾತ್ರ ಚೆನ್ನಾಗಿದೆ. ಸಂಸಾರದಲ್ಲಿ ಎದುರು ಮಾತಾಡುವುದಿಲ್ಲ.