ಬೆಳ್ಳಿ ಮೀನಿನ ಕೆಳಗಿನ ಬೆಳಕು

ಡ್ರೈವಿಂಗ್ ಕಲಿಸುವ ಮೇಡಂ ಬಾಗಿಲು ತಟ್ಟಿದಾಗ ಅವರ ಕೈಯಲ್ಲಿ ಬಟ್ಟೆ ತುರುಕಿದ ಒಂದು ಸೂಟ್‌ಕೇಸಿತ್ತು. ಮೈದುನ ನೋಡಿದ್ದು ಅವರ ಊದಿಕೊಂಡ ಕಣ್ಣುಗಳನ್ನು. ಅತ್ತಿಗೆ ನೋಡಿದ್ದು ಸೂಟ್‌ಕೇಸಿನ ಜಿಪ್ಪಿನಲ್ಲಿ ಸಿಕ್ಕಿಕೊಂಡ ಅಂಗಿಯ ತೋಳನ್ನು.

"ಸಿಟ್ಟಲ್ಲಿ ತುಂಬಿದ್ದೀರಿ. ನೀವಾಗೇ ಹೊರಟ್ರಾ, ನಿಮ್ಮಣ್ಣ ಹೊರಡಿಸಿದ್ರಾ?" ಎಂದರು ಅತ್ತಿಗೆ.

"ಅಣ್ಣ ಏನೂ ಅನ್ನಲಿಲ್ಲ. ನಿನ್ನೆಯಿಂದ ಮಾತೇ ಆಡಿಲ್ಲ. ಅದಕ್ಕಿಂತ ನಾಲ್ಕು ಬೈದಿದ್ರೆ ವಾಸಿಯಿತ್ತು."

ಅತ್ತಿಗೆ ವಿಮಾ ಕಂಪನಿಯೊಂದರಲ್ಲಿ ಅಪಘಾತದ ವಾಹನಗಳನ್ನು ಪರೀಕ್ಷಿಸುವ ಸರ್ವೇಯರ್ ಆಗಿದ್ದವರು. ನಜ್ಜುಗುಜ್ಜಾದ ಕಾರಿನ ಸುತ್ತ ಒಂದು ಸುತ್ತು ಬಂದು, ಇದು ಮರಕ್ಕೆ ಗುದ್ದಿದ್ದಲ್ಲ, ಬೇಕೆಂದೇ ಗುದ್ದಿಸಿದ್ದು ಎಂದು ಹೇಳಿ ಎಷ್ಟೋ ಜನರ ನಿದ್ದೆ ಕೆಡಿಸಿದ್ದರು. ನಿವೃತ್ತಿಯಾದ ಮೇಲೆ ಆ ಕಣ್ಣಿಗೆ ಕೆಲಸವಿಲ್ಲದಂತಾಗಿ, ಬೀದಿಯವರ ಒಗಟುಗಳು ಒಂದೊಂದಾಗಿ ಅವರ ಊಟದ ಮೇಜಿಗೆ ಬರತೊಡಗಿದವು. ಮೈದುನನದು ಕೆಳಗಡೆ ಫೋಟೋ ಸ್ಟುಡಿಯೋ. ಅತ್ತಿಗೆಯ ಗಂಡ, ಅಂದರೆ ತನ್ನ ಅಣ್ಣ, ತೀರಿಕೊಂಡ ಮೇಲೆ ಅವನೂ ಅತ್ತಿಗೆಯೂ ಒಂದೇ ಸೂರಿನಡಿ ಉಳಿದವರು. ಅತ್ತಿಗೆ ಪತ್ತೆಗೆ ಹೊರಟರೆ ಅವನು ಕ್ಯಾಮೆರಾ ಹೆಗಲಿಗೇರಿಸಿ ಹಿಂದೆ ಹೋಗುತ್ತಿದ್ದ. ಬೀದಿಯವರು ಅವನಿಗೆ "ಬಾಲ" ಎಂದು ಹೆಸರಿಟ್ಟಿದ್ದರು. ಅವನಿಗೆ ಅದರಿಂದ ಬೇಜಾರೇನೂ ಇರಲಿಲ್ಲ.

ಮೇಡಂ ಹೇಳಿದ್ದು ಇಷ್ಟು. ಅವರ ಅಣ್ಣ ಹಲ್ಲಿನ ಡಾಕ್ಟರು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಮನೆಯ ಅತ್ಯಂತ ಬೆಳಕಿನ ಕೋಣೆಯಲ್ಲಿ ಹಳೇ ರೇಸ್ ಕಾರುಗಳ ಮಾದರಿಗಳು: ಅಂಗೈಯುದ್ದದ ಕಾರುಗಳು, ಕೂದಲೆಳೆಯಂಥ ಕಡ್ಡಿಗಳ ಚಕ್ರ, ತಿರುಗುವ ಸ್ಟೀರಿಂಗ್, ಬಾನೆಟ್ಟಿಗೆ ಬಿಗಿದ ನಿಜವಾದ ಚರ್ಮದ ಪಟ್ಟಿ. ಅವುಗಳಲ್ಲೆಲ್ಲ ಮುಕುಟಪ್ರಾಯವಾದದ್ದು ಬೆಳ್ಳಿ ಬಣ್ಣದ, ಮೂತಿ ಚೂಪಾದ ಒಂದು ಕಾರು. ಮನೆಯವರೆಲ್ಲ ಅದನ್ನು ಬೆಳ್ಳಿ ಮೀನು ಎನ್ನುತ್ತಿದ್ದರು. ಒಬ್ಬ ಕುಶಲಕರ್ಮಿ ತನ್ನ ಕೈಯಿಂದ ಒಂದೇ ಒಂದು ಕಟ್ಟಿದ್ದು. ಡಾಕ್ಟರು ಅದನ್ನು ಪಾಲಿಶ್ ಮಾಡಿದ ಮರದ ಪೀಠದ ಮೇಲಿಡಿಸಿ, ಗಾಜಿನ ಪೆಟ್ಟಿಗೆ ಮುಚ್ಚಿದ್ದರು. ಧೂಳು ಬಿದ್ದರೆ ಮೃದು ಕುಂಚದಿಂದ ಹೊಡೆಯುತ್ತಿದ್ದರೇ ಹೊರತು ಕೈಯಲ್ಲಿ ಎತ್ತಿದವರಲ್ಲ. ಬೆವರು ತಾಗಿದರೆ ಬಣ್ಣ ಕೆಡುತ್ತದೆಂಬ ಭಯ.

ನಿನ್ನೆ ಮಧ್ಯಾಹ್ನ ಆ ಬೆಳ್ಳಿ ಮೀನು ನೆಲಹಾಸಿನ ಮೇಲೆ ಚೂರುಚೂರಾಗಿ ಬಿದ್ದಿತ್ತು. ಪಕ್ಕದಲ್ಲಿ ತೆಗೆದಿಟ್ಟ ಗಾಜಿನ ಪೆಟ್ಟಿಗೆ, ಮತ್ತೆ ಮೇಡಂ ಅವರ ತರಬೇತಿ ಕಾರಿನ ಚಕ್ರ ಬಿಚ್ಚುವ ವೀಲ್ ಸ್ಪ್ಯಾನರ್.

"ಅದೇ ಬೆಳಿಗ್ಗೆ ಜಗಳ ಆಗಿತ್ತು. ಇಷ್ಟೊಂದು ಕಾರು ಇಟ್ಕೊಂಡಿದ್ದೀಯ, ಒಂದನ್ನೂ ಓಡಿಸೋಕೆ ಬರಲ್ಲ, ಒಂದಿನ ನನ್ನ ಕಾರನ್ನೇ ಇದರ ಮೇಲೆ ಹತ್ತಿಸ್ತೀನಿ ಅಂದಿದ್ದೆ. ಅಂದಿದ್ದು ನಿಜ. ಆದ್ರೆ ಅಂದಿದ್ದಕ್ಕೂ ಮಾಡಿದ್ದಕ್ಕೂ ವ್ಯತ್ಯಾಸ ಇಲ್ವಾ?"

ಡಾಕ್ಟರಿಗೆ ಕಾರು ಓಡಿಸಲು ಬರುತ್ತಿರಲಿಲ್ಲವೆಂಬುದು ಬೀದಿಗೆಲ್ಲ ಗೊತ್ತಿದ್ದ ತಮಾಷೆ. ತಂಗಿ ಅರ್ಧ ಊರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದರು. ಅಣ್ಣ ಮಾತ್ರ ಹಿಂದಿನ ಸೀಟಿನಲ್ಲಿ ಕೂತು ಗೇರಿನ ಇತಿಹಾಸ ಹೇಳುತ್ತಿದ್ದರು. ಆದರೂ ಇಬ್ಬರದೂ ಒಂದೇ ಮನೆ, ಒಂದೇ ಅಡುಗೆ, ಒಬ್ಬರ ಕಾಯಿಲೆಗೆ ಇನ್ನೊಬ್ಬರ ಆರೈಕೆ. ಈಗ ಅಣ್ಣ ತನ್ನನ್ನು ನಂಬಲಿಲ್ಲವೆಂದರೆ ಆ ಮನೆಯಲ್ಲಿ ತಾನು ಬಾಡಿಗೆದಾರಳಿಗಿಂತ ಕಡೆ ಎಂದರು ಮೇಡಂ.

"ಸೂಟ್‌ಕೇಸು ಇಲ್ಲೇ ಇರಲಿ," ಎಂದರು ಅತ್ತಿಗೆ. "ವಾಪಸ್ ಒಯ್ಯೋಕೆ ನಮ್ಮ ಬಾಲ ಇದ್ದಾನೆ."

ದಾರಿಯಲ್ಲಿ ಮೈದುನ ಗೊಣಗಿಕೊಂಡ. ಊರಲ್ಲಿ ನಡೆಯಲಿದ್ದ ಮಾದರಿ ಕಾರುಗಳ ಪ್ರದರ್ಶನದ ಕರಪತ್ರಕ್ಕೆಂದು ಬೆಳ್ಳಿ ಮೀನಿನ ಫೋಟೋವನ್ನು ಹೋದ ವಾರ ತೆಗೆದವನು ಅವನೇ. ಅರ್ಧ ದಿನ ಒದ್ದಾಡಿದ್ದ. ಹಿಂದಿನಿಂದ ದೀಪ ಇಟ್ಟು ಕ್ಯಾಮೆರಾ ಕೆಳಗಿಳಿಸಿದರೆ ಟೈರುಗಳ ಬುಡದಲ್ಲಿ ಕೂದಲೆಳೆಯಷ್ಟು ಬೆಳಕು ಸೋರುತ್ತಿತ್ತು. ಕಡೆಗೆ ಸಾಕಾಗಿ ಎತ್ತರದಿಂದ ತೆಗೆದು ಕೊಟ್ಟಿದ್ದ. ಅಷ್ಟು ಕಷ್ಟಪಟ್ಟದ್ದು ಈಗ ಶ್ರದ್ಧಾಂಜಲಿಯ ಫೋಟೋ ಆಯಿತಲ್ಲ ಎಂಬುದು ಅವನ ಗೊಣಗಾಟ. ಅತ್ತಿಗೆ ಅರ್ಧ ಕಿವಿಯಲ್ಲಿ ಕೇಳುತ್ತಿದ್ದವರು ಅರೆಕ್ಷಣ ನಡಿಗೆ ನಿಧಾನ ಮಾಡಿ, ಮತ್ತೆ ನಡೆದರು.

ಡಾಕ್ಟರು ಚೂರುಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಅತ್ತಿಗೆ ಮಂಡಿಯೂರಿ ಕೂತು, ರಸ್ತೆ ಬದಿಯ ಅಪಘಾತ ನೋಡುವವರಂತೆಯೇ ನೋಡಿದರು. ಸ್ಟೀರಿಂಗ್ ಚಕ್ರ ಇಡಿಯಾಗಿತ್ತು. ಸೀಟಿಗೆ ಏನೂ ಆಗಿರಲಿಲ್ಲ. ನಾಲ್ಕು ಟೈರುಗಳೂ ಬಿಡಿಬಿಡಿಯಾಗಿ ಬಿದ್ದಿದ್ದವು. ದುಂಡಗೆ, ನುಣ್ಣಗೆ, ಆಗಷ್ಟೇ ಅಂಗಡಿಯಿಂದ ತಂದಂತೆ. ಕಾರಿನ ತಳಭಾಗ ಮಾತ್ರ ಹಿಟ್ಟಾಗಿತ್ತು.

ಆಮೇಲೆ ಮರದ ಪೀಠ. ಪಾಲಿಶಿನಲ್ಲಿ ನಾಲ್ಕು ಸಣ್ಣ ಗುಳಿ ಬಿದ್ದಿದ್ದವು. ಅತ್ತಿಗೆ ಉಗುರಿನಿಂದ ಒಂದನ್ನು ಕೆರೆದಾಗ ತೆಳ್ಳಗಿನ ಕಪ್ಪು ಸಿಪ್ಪೆ ಎದ್ದಿತು.

"ಇದರ ತಳದಲ್ಲಿ ಏನಾದ್ರೂ ಇತ್ತಾ ಡಾಕ್ಟ್ರೇ?"

"ಕಟ್ಟಿದವರ ಗುರುತು. ಸೂಜೀಲಿ ಕೆತ್ತಿದ್ದಂತೆ. ನಾನು ನೋಡಿಲ್ಲ, ಅವರೇ ಹೇಳಿದ್ದು. ನಾಳೆ ಪ್ರದರ್ಶನಕ್ಕೆ ಅವರೇ ಬರ್ತಿದ್ದಾರೆ. ತಮ್ಮ ಕೂಸನ್ನ ಒಂದ್ಸಲ ಎತ್ತಿ ನೋಡ್ಬೇಕು ಅಂತ ಬರೆದಿದ್ರು. ಅವರಿಗೆ ಏನಂತ ಮುಖ ತೋರಿಸ್ಲಿ?"

ನಿನ್ನೆ ಮನೆಯಲ್ಲಿ ಅಣ್ಣ ತಂಗಿಯಲ್ಲದೆ ಇನ್ನಿಬ್ಬರಿದ್ದರು. ಒಬ್ಬರು ಆಟಿಕೆ ಅಂಗಡಿಯವರು. ಮಾದರಿ ಕಾರಿನ ಡಬ್ಬಿ ಒಡೆದರೆ ಅದರ ಮಾನ ಹೋಯಿತೆಂದು ನಂಬಿದ್ದರಿಂದ ಗೆಳೆಯರು ಅವರನ್ನು ಡಬ್ಬಿ ಎಂದೇ ಕರೆಯುತ್ತಿದ್ದರು. ಇನ್ನೊಬ್ಬರು ಆರ್ಕಿಟೆಕ್ಟು, ಡಾಕ್ಟರ ಬಾಲ್ಯದ ಗೆಳೆಯರು, ತಾವೂ ಮಾದರಿ ಕಟ್ಟುವವರು. ಕಳೆದ ವರ್ಷ ಡಾಕ್ಟರಿಗೆ ಮಂಡಿಯ ಆಪರೇಷನ್ ಆಗಿ ತಂಗಿ ಆಸ್ಪತ್ರೆಯಲ್ಲೇ ಇದ್ದಾಗ, ಮನೆಯ ಕೀಲಿ ಇಟ್ಟುಕೊಂಡು ಕಾರುಗಳ ಧೂಳು ಹೊಡೆದವರೂ ಅವರೇ.

ಊಟದ ನಂತರ ಯಾರೋ ಹಲ್ಲುನೋವೆಂದು ಬಂದದ್ದರಿಂದ ಡಾಕ್ಟರು ಕೆಳಗಿಳಿದಿದ್ದರು. ಕ್ಲಿನಿಕ್ಕಿನ ಕಂಪ್ರೆಸರ್ ಶುರುವಾದರೆ ಮೇಲಿನ ಮನೆಯಲ್ಲಿ ಪಾತ್ರೆ ಬಿದ್ದರೂ ಕೇಳಿಸದು. ಮೇಡಂ ತಮ್ಮ ಕೋಣೆಯಲ್ಲಿ ಮಲಗಿದ್ದರು. ಡಬ್ಬಿಯವರು ಬಾಲ್ಕನಿಯಲ್ಲಿ ಫೋನಿನಲ್ಲಿದ್ದರು. ಆರ್ಕಿಟೆಕ್ಟು, ಬೆಳ್ಳಿ ಮೀನನ್ನು ಪ್ರದರ್ಶನಕ್ಕೆ ಒಯ್ಯಲು ಮಾಡಿಸಿದ್ದ ಪೆಟ್ಟಿಗೆಯನ್ನು, ಮೇಡಂ ಕಾರಿನ ಪಕ್ಕದಲ್ಲೇ ನಿಲ್ಲಿಸಿದ್ದ ತಮ್ಮ ಕಾರಿನಿಂದ ತರಲು ಕೆಳಗಿಳಿದು ಮತ್ತೆ ಮೇಲೆ ಬಂದಿದ್ದರು. ಮೇಡಂ ಕಾರಿಗೆ ಯಾವತ್ತೂ ಬೀಗವಿಲ್ಲ. ಕಲಿಯುವವರು ಜಜ್ಜಿದ ಆ ಡಬ್ಬವನ್ನು ಯಾವ ಕಳ್ಳನೂ ಮುಟ್ಟಲಾರ. ಅಂದರೆ ಸ್ಪ್ಯಾನರ್ ಯಾರ ಕೈಗಾದರೂ ಸಿಗುವಂಥದ್ದೇ.

ಮಧ್ಯಾಹ್ನ ಅತ್ತಿಗೆ ಆರ್ಕಿಟೆಕ್ಟರ ಆಫೀಸಿಗೆ ಹೋದರು. ಅಲ್ಲಿಯ ಕಪಾಟಿನಲ್ಲಿ ಕಾರುಗಳು ನೆಲ ಬಿಟ್ಟು ನಿಂತಂತೆ ಕಂಡವು. ಪ್ರತಿಯೊಂದರ ಹೊಟ್ಟೆಯ ಕೆಳಗೆ ಕಾರನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುವ, ಪಾರದರ್ಶಕ ಪ್ಲಾಸ್ಟಿಕ್ಕಿನ ಪುಟ್ಟ ಆಧಾರ, ಊರೆ. ವರ್ಷಗಟ್ಟಲೆ ಒಂದೇ ಕಡೆ ಊರಿ ನಿಂತರೆ ಟೈರಿನ ಎಣ್ಣೆಯಂಶ ಒಸರಿ ಪಾಲಿಶನ್ನು ತಿನ್ನುತ್ತದೆ, ಟೈರೂ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಡಾಕ್ಟರಿಗೂ ಹೇಳಿ ಹೇಳಿ ಸಾಕಾಗಿತ್ತಂತೆ. ಕಾರು ಅಂದಮೇಲೆ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ಡಾಕ್ಟರ ಹಟ. ಆ ಮಾತು ಹೇಳುವಾಗ ಆರ್ಕಿಟೆಕ್ಟರ ಮುಖದಲ್ಲಿ ನಿಜವಾದ ನೋವಿತ್ತೆಂದು ಮೈದುನನಿಗೆ ಅನಿಸಿತು. ಇಂಥ ಮನುಷ್ಯ ಕಾರು ಒಡೆಯುವುದುಂಟೇ? ಅವನು ಮನಸ್ಸಿನಲ್ಲೇ ಡಬ್ಬಿಯವರನ್ನು ಅಪರಾಧಿ ಮಾಡಿಬಿಟ್ಟ.

ಹೊರಗೆ ಬಂದ ಮೇಲೆ ಅತ್ತಿಗೆ, "ಆ ಬೆಳಕು ಸೋರಿದ ಫೋಟೋ ಅಳಿಸಿಬಿಟ್ಯಾ?" ಎಂದು ಕೇಳಿದರು.

"ನಾನು ಕೆಟ್ಟ ಫೋಟೋನೂ ಅಳಿಸಲ್ಲ ಅತ್ತಿಗೆ."

"ಅದೊಂದು ದುರಭ್ಯಾಸ ಇವತ್ತು ಉಪಯೋಗಕ್ಕೆ ಬಂತು ಮಹರಾಯ. ದೊಡ್ಡದಾಗಿ ಪ್ರಿಂಟ್ ಹಾಕು."

ಸಂಜೆ ಎಲ್ಲರೂ ಡಾಕ್ಟರ ಕೋಣೆಯಲ್ಲಿ ಸೇರಿದರು. ಮೇಡಂ ಬಾಗಿಲ ಬಳಿಯೇ ನಿಂತರು. ಡಾಕ್ಟರು ಆ ಕಡೆ ತಿರುಗಲಿಲ್ಲ. ಅತ್ತಿಗೆ ಕಪಾಟಿನಿಂದ ಒಂದು ಸಾಧಾರಣ ಕೆಂಪು ಕಾರನ್ನು ತೆಗೆದು ಮೇಜಿನ ಮೇಲಿಟ್ಟು, ಖಾಲಿ ಪೀಠ ನೋಡಿದರೆ ಒಂಥರಾ ಆಗುತ್ತದೆ, ಒಬ್ಬೊಬ್ಬರೂ ಇದನ್ನು ಅದರ ಮೇಲೆ ಇಟ್ಟು ತೋರಿಸಿ, ಯಾರು ಇಟ್ಟರೆ ಚೆನ್ನ ನೋಡೋಣ ಎಂದರು. ಎಲ್ಲರಿಗೂ ಇದು ಹುಚ್ಚಾಟವೆನಿಸಿತು. ಆದರೆ ಅತ್ತಿಗೆಯ ದನಿಗೆ ಎದುರಾಡುವುದು ಸುಲಭವಾಗಿರಲಿಲ್ಲ.

ಡಬ್ಬಿಯವರು ಇದರ ಡಬ್ಬಿ ಎಲ್ಲಿ ಎಂದು ಕೇಳಿ, ಇಲ್ಲವೆಂದಾಗ ಎರಡು ಬೆರಳಲ್ಲಿ ಹಿಡಿದು ಇಟ್ಟು, ಕರವಸ್ತ್ರಕ್ಕೆ ಕೈ ಒರೆಸಿಕೊಂಡರು. ಮೇಡಂ ಇಟ್ಟ ಮೇಲೆ ಮುಂದಿನ ಚಕ್ರಗಳನ್ನು ಓರೆ ತಿರುಗಿಸಿದರು. ಇಳಿಜಾರಿನಲ್ಲಿ ನಿಲ್ಲಿಸುವವರ ಅಭ್ಯಾಸ. ಆರ್ಕಿಟೆಕ್ಟು ಕಾರನ್ನು ಎಡಗೈಯಲ್ಲಿ ಎತ್ತಿದರು. ಅವರ ಬಲಗೈ ತಾನೇ ತಾನಾಗಿ ಅಂಗಿಯ ಜೇಬಿಗೆ ಹೋಯಿತು, ಪುಟ್ಟ ಪ್ಲಾಸ್ಟಿಕ್ ಊರೆಯೊಂದನ್ನು ತಂದಿತು, ಪೀಠದ ನಡುವೆ ಇಟ್ಟಿತು. ಕಾರು ಅದರ ಮೇಲೆ ಕೂತ ಮೇಲೆಯೇ ಅವರು ತಮ್ಮ ಕೈಯನ್ನು ನೋಡಿಕೊಂಡದ್ದು.

"ಇದು ಎಲ್ರಿಗೂ ಗೊತ್ತಿರೋದೇ," ಎಂದು ನಕ್ಕರು.

"ಹೌದು. ಆದ್ರೆ ಊರೆ ಇಟ್ಟಿದ್ದು ನೀವೊಬ್ರೇ," ಎಂದು ಅತ್ತಿಗೆ ಫೋಟೋ ಹರಡಿದರು. "ಹೋದ ವಾರದ ಬೆಳ್ಳಿ ಮೀನು ಇದು. ನಾಲ್ಕು ಟೈರಿನ ಕೆಳಗೂ ಬೆಳಕಿದೆ. ಡಾಕ್ಟ್ರೇ, ನೀವಿಡಿಸಿದ ಕಾರು ಪೀಠಕ್ಕೆ ಊರಿ ನಿಂತಿತ್ತು ತಾನೇ?"

"ಊರಿಕೊಂಡೇ ನಿಂತಿತ್ತು."

"ಇದು ಗಾಳೀಲಿ ನಿಂತಿದೆ. ನೀವು ಎತ್ತೋರಲ್ಲ. ಹಾಗಾದ್ರೆ ಬೇರೆ ಯಾರೋ ಎತ್ತಿ, ಊರೆ ಕೊಟ್ಟು ಇಟ್ಟಿದ್ದಾರೆ."

ಅತ್ತಿಗೆ ನಂತರದ ಮಾತುಗಳನ್ನು ಅವಸರವಿಲ್ಲದೆ ಹೇಳಿದರು. ಪೀಠದ ಗುಳಿಗಳಲ್ಲಿ ಹಳೇ ಟೈರಿನ ಚರ್ಮ ಅಂಟಿಕೊಂಡಿದೆ. ಅಲ್ಲಿ ನಿಂತಿದ್ದ ಕಾರನ್ನು ಕಿತ್ತಾಗ ಅದರ ಟೈರುಗಳು ಚಪ್ಪಟೆಯಾಗಿ, ಸಿಪ್ಪೆ ಎದ್ದಿರಬೇಕು. ನೆಲಕ್ಕೆ ಬಿದ್ದ ಟೈರುಗಳೋ ಹೊಸ ಅಂಗಿಯ ಗುಂಡಿಯಂತೆ ದುಂಡಗಿವೆ. ಅಂದರೆ ನಿನ್ನೆ ಒಡೆದದ್ದು ಬೆಳ್ಳಿ ಮೀನೇ ಅಲ್ಲ, ಅದರ ಸ್ಥಾನದಲ್ಲಿ ಕೂತಿದ್ದ ನಕಲು. ಅಸಲಿ ಎಂದೋ ಮನೆ ಬಿಟ್ಟಿದೆ.

"ಇನ್ನು ಒಡೆದ ರೀತಿ. ಸಿಟ್ಟಲ್ಲಿ ಹೊಡೆಯೋರು ಮೇಲಿಂದ ಹೊಡೀತಾರೆ. ಇಲ್ಲಿ ಸ್ಟೀರಿಂಗ್ ಉಳಿದಿದೆ, ತಳ ಹಿಟ್ಟಾಗಿದೆ. ನಾನು ನೌಕರೀಲಿದ್ದಾಗ ಕದ್ದ ಕಾರುಗಳಿಗೆ ಬೆಂಕಿ ಹಚ್ಚೋರನ್ನ ನೋಡಿದ್ದೀನಿ. ಅವರ ಕಣ್ಣೆಲ್ಲ ಕಾರಿನ ಅಸಲಿ ಗುರುತು ಹೇಳೋ ಚಾಸಿ ನಂಬರಿನ ಮೇಲೇ. ನಾಳೆ ಕಟ್ಟಿದವರೇ ಬಂದು ಎತ್ತಿ ನೋಡ್ತಿದ್ರು. ನಕಲಿನ ತಳದಲ್ಲಿ ಅವರ ಗುರುತು ಇರ್ತಿರ್ಲಿಲ್ಲ. ಇದ್ದಿದ್ರೂ ಅದು ಅವರ ಕೈಯ ಕೆತ್ತನೆ ಆಗಿರ್ತಿರ್ಲಿಲ್ಲ."

ಡಬ್ಬಿಯವರು ಬೇಕಿದ್ದರೆ ಕಾರು ಕದ್ದಾರು, ಆದರೆ ಕಟ್ಟಲಾರರು. ಅವರು ಡಬ್ಬಿಯನ್ನೇ ತೆರೆದವರಲ್ಲ. ಮೇಡಂ ಒಡೆಯಬಲ್ಲರು, ನಕಲು ಮಾಡಲಾರರು. ಕಟ್ಟುವ ಕೈ, ಕಳೆದ ವರ್ಷ ಮನೆಯ ಕೀಲಿ ಹಿಡಿದ ಕೈ, ಕಾರು ಕಂಡರೆ ಊರೆ ಹುಡುಕುವ ಕೈ, ನಿನ್ನೆ ಮೇಡಂ ಕಾರಿನ ಪಕ್ಕದಿಂದ ಮೇಲೆ ಬಂದ ಕೈ, ನಾಲ್ಕೂ ಒಂದೇ.

"ಸದ್ದು ಕಂಪ್ರೆಸರ್‌ನಲ್ಲಿ ಮುಳುಗಿಹೋಯ್ತು. ಒಡೆದ ಮೇಲೆ ಊರೆ ನೆನಪಾಗಿ ಜೇಬಿಗೆ ಹಾಕ್ಕೊಂಡ್ರಿ. ಆದ್ರೆ ಹೋದ ವಾರದ ಬೆಳಕನ್ನ ಜೇಬಿಗೆ ಹಾಕ್ಕೊಳ್ಳೋಕೆ ಆಗ್ಲಿಲ್ಲ."

ಆರ್ಕಿಟೆಕ್ಟು ಆ ಕೆಂಪು ಕಾರಿನ ಟೈರನ್ನು ಬೆರಳಿನಿಂದ ಸವರಿದರು.

"ನಾನು ಮಾರ್ಕೊಂಡಿಲ್ಲ," ಎಂದರು. ದನಿ ಡಾಕ್ಟರ ಕಡೆಗಿತ್ತು. "ನಿಂಗೆ ಎಷ್ಟು ಸಲ ಹೇಳಿದ್ದೆ ಹೇಳು. ಧೂಳು ಹೊಡೆಯೋಕೆ ಬಂದಾಗ ನೋಡಿದೆ, ಟೈರು ಕೊಳೀತಾ ಇತ್ತು ಕಣೋ. ನಿನ್ನ ಕಣ್ಣೆದುರೇ ಅದು ಸಾಯ್ತಾ ಇತ್ತು. ನಾನು ಕಾಪಾಡಿದೆ."

"ಸರಿ, ಕಾಪಾಡಿದ್ರಿ," ಎಂದರು ಅತ್ತಿಗೆ. "ಕಡೆಗೆ ನಕಲಿನ ಟೈರಿಗೂ ಊರೆ ಕೊಟ್ರಿ. ಈ ಹೆಣ್ಣುಮಗಳು ನಿಮಗೆ ಊಟ ಬಡಿಸಿ ಹೋಗಿ ಮಲಗಿದ್ರೆ, ಅವರ ಸ್ಪ್ಯಾನರ್ ತಂದು ಇಲ್ಲಿಟ್ರಿ. ಇವರಿಗೆ ಯಾವ ಊರೆ ಕೊಟ್ರಿ?"

ಆರ್ಕಿಟೆಕ್ಟು ಕೆಂಪು ಕಾರನ್ನು ಪೀಠದಿಂದ ಇಳಿಸಿದರು. ಹೊರಗೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಹತ್ತಿ ತುಂಬಿದ ಪೆಟ್ಟಿಗೆಯೊಂದಿಗೆ ಮರಳಿ ಬಂದರು. ಅದನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದರು. ಪೊಲೀಸರನ್ನು ಕರೆಯಬೇಕೇ ಎಂದು ಡಬ್ಬಿಯವರು ಕೇಳಿದ್ದಕ್ಕೆ ಡಾಕ್ಟರು ತಲೆಯಾಡಿಸಿ ಬೇಡವೆಂದರು. ಆದರೆ ಮನೆಯ ಕೀಲಿ ಬದಲಿಸಬೇಕು ಎಂದರು.

ಪೆಟ್ಟಿಗೆಯೊಳಗೆ ಬೆಳ್ಳಿ ಮೀನು ಮಲಗಿತ್ತು. ಟೈರುಗಳು ಒಂದು ಬದಿ ಚಪ್ಪಟೆ, ಸಿಪ್ಪೆ ಎದ್ದು ಕುರೂಪವಾಗಿದ್ದವು. ಡಾಕ್ಟರು ಕುಂಚಕ್ಕೆ ಕೈ ಚಾಚಿದರು. ಅತ್ತಿಗೆ ಕುಂಚವನ್ನು ಆಚೆ ಸರಿಸಿದರು.

ಡಾಕ್ಟರು ಮೊದಲ ಸಲ ಅದನ್ನು ಎರಡೂ ಕೈಯಲ್ಲಿ ಎತ್ತಿದರು. ಕೈ ಕೊಂಚ ಕೆಳಗಿಳಿಯಿತು.

"ಇಷ್ಟು ಭಾರನಾ ಇದು?" ಎಂದರು ಮೆಲ್ಲಗೆ. ಮಗುಚಿ, ತಳದ ಸೂಜಿಗೆರೆಗಳನ್ನು ಓದಿದರು. ವರ್ಷವಿಡೀ ನಕಲಿಗೆ ಕುಂಚ ಹೊಡೆದರೂ ತನಗೇನೂ ತಿಳಿಯಲಿಲ್ಲ. ಜೀವಮಾನವಿಡೀ ಜೊತೆಗಿದ್ದ ತಂಗಿಯನ್ನೂ ಹೀಗೇ ಎತ್ತಿ ನೋಡದೆ ತೀರ್ಮಾನಿಸಿದೆನೆಂಬ ಲೆಕ್ಕ ಆ ಮುಖದಲ್ಲಿ ನಡೆಯುತ್ತಿದ್ದುದು ಮೈದುನನಿಗೆ ಕಂಡಿತು. ಅವನು ಕ್ಯಾಮೆರಾ ಎತ್ತಲಿಲ್ಲ.

"ತಪ್ಪಾಯ್ತು ಕಣೇ," ಎಂದರು ಡಾಕ್ಟರು ಬಾಗಿಲ ಕಡೆ ತಿರುಗಿ.

ಮೇಡಂ ಒಳಗೆ ಬಂದರು. ಆಮೇಲೆ ನೆಲದ ಮೇಲಿದ್ದ ಸ್ಪ್ಯಾನರನ್ನು ಎತ್ತಿಕೊಂಡು ಕಂಕುಳಿಗೆ ಸಿಕ್ಕಿಸಿಕೊಂಡರು.

"ಬಾಯಿಮಾತಿನ ತಪ್ಪೊಪ್ಪಿಗೆ ಬೇಡ. ನಾಳೆ ಬೆಳಿಗ್ಗೆ ಕೆಳಗೆ ಬಾ. ಮುಂದಿನ ಸೀಟು, ಬಲಗಡೆ, ಸ್ಟೀರಿಂಗ್ ಇರೋ ಕಡೆ. ಪ್ರದರ್ಶನಕ್ಕೆ ಬರ್ತಿರೋ ಆ ಹಿರಿಯರನ್ನ ಸ್ಟೇಷನ್‌ನಿಂದ ನೀನೇ ಕರ್ಕೊಂಡು ಬರ್ತೀಯ. ನಾನು ಪಕ್ಕದಲ್ಲಿರ್ತೀನಿ."

ಡಾಕ್ಟರು ಬೆಳ್ಳಿ ಮೀನನ್ನು ಪೀಠದತ್ತ ಒಯ್ದರು. ಇಡುವ ಮುನ್ನ ತಡೆದು, ಅಲ್ಲೇ ಬಿದ್ದಿದ್ದ ಪ್ಲಾಸ್ಟಿಕ್ ಊರೆಯನ್ನು ಹುಡುಕಿ ಅದರ ಹೊಟ್ಟೆಯ ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಸೂಟ್‌ಕೇಸು ಹಿಂತಿರುಗಿಸಲು ಹೋದ ಮೈದುನ, ಕಲಿಯುವವರ ಕೆಂಪು ಫಲಕ ಹೊತ್ತ ಆ ಜಜ್ಜಿದ ಕಾರು ಮೂರು ಸಲ ಕೆಮ್ಮಿ, ಮುಗ್ಗರಿಸಿ, ಬೀದಿಯ ತಿರುವಿನಲ್ಲಿ ಮರೆಯಾಗುವುದನ್ನು ನೋಡಿದ. ಒಳಗಿನಿಂದ ಮೇಡಂ ಬೈಯುವುದು ಆಚೆ ತುದಿಯವರೆಗೂ ಕೇಳಿಸುತ್ತಿತ್ತು. ಅಣ್ಣ ತಂಗಿ ಮತ್ತೆ ಮಾತಾಡುತ್ತಿದ್ದರು.