ಬೆಳ್ಳಿಯಪ್ಪನ ಅಂಗೈ

“ಎಂತ ಹುಡುಗಿ ಮಾರಾಯ್ತಿ ನೀನು! ಸುಟ್ಟಿದ್ದು ನನ್ನ ಕೈ, ಕೂಗಿದ್ದು ನೀನು!”

ಕಾವಲಿಯ ಅಂಚು ತಗುಲಿದ ಬಲ ಅಂಗೈಯನ್ನು ಶಂಕರಮ್ಮನವರು ಸೊಸೆಯ ಮುಂದೆ ಚಾಚಿ ನಿಂತಿದ್ದರು. ಒಲೆಯ ಮೇಲೆ ಅಕ್ಕಿರೊಟ್ಟಿ ಸೀಯುತ್ತಿತ್ತು. ಸೊಸೆ ಕವನಾ ಆ ಕೈಯನ್ನು ಹಿಡಿದಷ್ಟೇ ಬೇಗ ಬಿಟ್ಟು, ಹಿಂದೆ ಸರಿದು ಗೋಡೆಗೆ ಒರಗಿಬಿಟ್ಟಿದ್ದಳು. ಅಂಗೈಗೆ ಅಡ್ಡಲಾಗಿ ಬೆರಳ ದಪ್ಪದ ಒಂದು ಗೆರೆ... ಅದೇ ಜಾಗ, ಅದೇ ಅಗಲ!

“ಊರವರ ಗಾಯ ಎಲ್ಲ ಮುಟ್ತಾಳೆ, ಅತ್ತೆ ಕೈ ಅಂದ್ರೆ ಮಾತ್ರ ಹೆದರಿಕೆ” ಎನ್ನುತ್ತ ಶಂಕರಮ್ಮ ತಾವೇ ಕೈಯನ್ನು ತಣ್ಣೀರಿಗೆ ಅದ್ದಿದರು. ಅವರಲ್ಲಿ ಪ್ರೀತಿಗೂ ಕುಟುಕಿಗೂ ಒಂದೇ ದನಿ. ಯಾವುದು ಯಾವುದೆಂದು ತಿಳಿಯಬೇಕಾದರೆ ಆ ಮನೆಯಲ್ಲಿ ಹತ್ತು ವರ್ಷವಾದರೂ ಬಾಳಬೇಕು. ಕವನಾ ಬಂದು ಒಂದೂವರೆ ವರ್ಷವಾಗಿತ್ತು.

ಕಳೆದ ವರ್ಷ ಕಾಳುಮೆಣಸು ಕೊಯ್ಲಿನ ಒಂದು ಮಧ್ಯಾಹ್ನ ಈ ಮನೆಯದೇ ಜೀಪು, ಈ ತೋಟದ್ದೇ ಆಳು ಬೆಳ್ಳಿಯಪ್ಪನನ್ನು ಹೊತ್ತು, ಅವಳು ಓದು ಮುಗಿಸಿ ಹೊಸದಾಗಿ ಡಾಕ್ಟರಾಗಿ ಸೇರಿದ್ದ ಸಣ್ಣ ಸರ್ಕಾರಿ ಆಸ್ಪತ್ರೆಗೆ ಬಂದಿತ್ತು. ಕರೆಂಟಿನ ತಂತಿ ಹಾದುಹೋಗುವ ಕಡೆ ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಬಿದಿರಿನ ಏಣಿಯನ್ನೇ ಇಡಬೇಕೆಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಬಿದಿರಿನ ಏಣಿಯನ್ನು ಆ ವರ್ಷ ಗೆದ್ದಲು ತಿಂದಿತ್ತು. ಅದೊಂದು ದಿನ ಮಾತ್ರ ಅಲ್ಯೂಮಿನಿಯಂ ಏಣಿ ಹೊರಗೆ ಬಂತು. ಬೆಳ್ಳಿಯಪ್ಪ ಅದನ್ನು ಎತ್ತಿ ಮರಕ್ಕೆ ಒರಗಿಸುವಾಗ ತುದಿ ತಂತಿಗೆ ತಾಗಿತು. ಜೀಪಿನಿಂದ ಇಳಿಸುವಾಗಲೇ ಜೀವವಿರಲಿಲ್ಲ. ಅಂಗೈಯಲ್ಲಿ ಏಣಿಯ ಕಂಬಿ ಅಚ್ಚೊತ್ತಿತ್ತು.

ಪೊಲೀಸರಿಗೆ ತಿಳಿಸಬೇಕು, ಮರಣೋತ್ತರ ಪರೀಕ್ಷೆ ಆಗಬೇಕು. ಕಾನೂನು ಸ್ಪಷ್ಟವಾಗಿತ್ತು. ಮಾವ ಮಲ್ಲಿಕಾರ್ಜುನ ಬಾಗಿಲಲ್ಲಿ ನಿಂತಿದ್ದರು. ಅವರ ಬದಲಿಗೆ ಮಾತಾಡಿದವರು ಹಿರಿಯ ವೈದ್ಯ ಷಡಕ್ಷರಿ. “ಹೃದಯ ನಿಂತಿದ್ದು ನಿಜ ತಾನೇ? ಹಂಗೇ ಬರಿಯಮ್ಮ. ನಿವೃತ್ತಿಗೆ ನಂಗಿನ್ನು ನಾಲ್ಕು ತಿಂಗಳಿದೆ.” ಹೃದಯ ನಿಲ್ಲದೆ ಸತ್ತವರು ಲೋಕದಲ್ಲಿ ಯಾರೂ ಇಲ್ಲವಾದ್ದರಿಂದ ಅವರ ವೈದ್ಯಶಾಸ್ತ್ರದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಅಷ್ಟರಲ್ಲಿ ಬೆಳ್ಳಿಯಪ್ಪನ ಹೆಂಡತಿ ಕುಸುಮಾ ಓಡಿಬಂದು ಕವನಾಳ ಎರಡೂ ಕಾಲು ಹಿಡಿದಳು. “ಕೊಯ್ಯಬೇಡಿ ಡಾಕ್ಟ್ರಮ್ಮಾ... ಅವರನ್ನ ಹಂಗೇ ಕೊಟ್ಬಿಡಿ!” ಏಣಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಕವನಾ ‘ಹೃದಯಾಘಾತ’ ಎಂದು ಬರೆದು ಸಹಿ ಹಾಕಿದಳು. ಇದು ಕರುಣೆ ಎಂದು ತನಗೆ ತಾನೇ ಹೇಳಿಕೊಂಡಳು.

ಅಂದಿನಿಂದ ಅವಳು ನಾಡಿ ಹಿಡಿಯುವ ಮೊದಲು ರೋಗಿಯ ಅಂಗೈ ತಿರುಗಿಸಿ ನೋಡುತ್ತಿದ್ದಳು. “ನಮ್ಮ ಡಾಕ್ಟ್ರಮ್ಮ ಶಾಸ್ತ್ರನೂ ಹೇಳ್ತಾರೆ” ಎಂದು ಹೊರಗಿನ ಬೆಂಚಿನಲ್ಲಿ ನಗುತ್ತಿದ್ದರು. ತಾನು ಹುಡುಕುತ್ತಿರುವುದು ಯಾರ ಕೈಯನ್ನೆಂದು ಅವಳು ಯಾರಿಗೆ ಹೇಳಿಯಾಳು?

ಅತ್ತೆಯ ಕೈ ಸುಟ್ಟ ಆ ದಿನವೇ ಆಸ್ಪತ್ರೆಗೆ ಕುಸುಮಾ ಬಂದಳು. ಜೊತೆಗೆ ಹದಿಮೂರರ ಮಗಳು ರೂಪಶ್ರೀ. ಹುಡುಗಿ ತುಂಬಿದ ಕೊಡ ಹೊತ್ತವಳ ಹಾಗೆ ಹೆಜ್ಜೆ ಎಣಿಸಿ ನಡೆಯುತ್ತಿದ್ದಳು.

“ಇವಳ ಹಾರ್ಟು ನೋಡ್ಬೇಕಿತ್ತು ಡಾಕ್ಟ್ರಮ್ಮ. ಓಟದಲ್ಲಿ ತಾಲ್ಲೂಕಿಗೇ ಫಸ್ಟು. ನಾನೇ ಬಿಡಿಸ್ದೆ. ಡ್ರಿಲ್ ಮೇಷ್ಟ್ರು ಮನೆಗೆ ಬಂದು ಬೈದು ಹೋದ್ರು. ಅವರಿಗೇನು ಗೊತ್ತು? ಅಪ್ಪಂದು ಮಕ್ಕಳಿಗೆ ಬರುತ್ತಂತಲ್ಲ...”

ಕವನಾ ಹುಡುಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟಳು. ಇಸಿಜಿಯನ್ನೂ ತೆಗೆಸಿದಳು. ಗಟ್ಟಿಮುಟ್ಟಾದ, ಓಡಲು ಕಾತರಿಸುವ ಹೃದಯ!

“ಏನೂ ಇಲ್ಲ ಕುಸುಮಾ. ಓಡ್ಲಿ ಬಿಡು.”

“ಅವರಿಗೂ ಏನೂ ಇರ್ಲಿಲ್ವಲ್ಲ? ಬೆಳಿಗ್ಗೆ ನಗ್ತಾ ಹೋದೋರು...” ಕುಸುಮಾ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಹರವಿದಳು. “ನೀವೇ ಬರ್ದಿದೀರಲ್ಲ. ಇದನ್ನ ಕೇಳಿ ನನ್ನ ನಾದಿನಿಗೆ ಬಂದ ಗಂಡೂ ತಿರುಗಿ ಹೋಯ್ತು. ಹಾರ್ಟಿನ ಮನೆ ಅಂತಾರೆ ನಮ್ಮನ್ನ.”

ತನ್ನದೇ ದುಂಡಗಿನ ಅಕ್ಷರ... ಒಬ್ಬ ಸತ್ತವನಿಗೆ ಬರೆದ ಸುಳ್ಳು ಬದುಕಿದ್ದವರ ಎದೆಯೊಳಗೆ ಕೂತು ಒಂದು ವರ್ಷದಿಂದ ಬಡಿದುಕೊಳ್ಳುತ್ತಿತ್ತು. ಆ ಕಾಗದದ ಮುಂದೆ ಇಂದಿನ ‘ಏನೂ ಇಲ್ಲ’ ಎಂಬ ಮಾತಿಗೆ ಯಾವ ಬೆಲೆ?

“ರೂಪಶ್ರೀ, ನೀನು ಸ್ವಲ್ಪ ಹೊರಗೆ ಕೂತಿರು.” ಬಾಗಿಲು ಮುಚ್ಚಿದ ಮೇಲೆ ಕವನಾ ಎಲ್ಲವನ್ನೂ ಹೇಳಿದಳು. ಏಣಿ, ತಂತಿ, ಅಂಗೈ.

ಕುಸುಮಾ ಅಳಲಿಲ್ಲ. ಕಾಗದದ ಮೇಲೆ ಕೈಯಿಟ್ಟು ಕೇಳಿದಳು: “ಕೊಯ್ಯಬೇಡಿ ಅಂತ ನಾನು ಕಾಲು ಹಿಡ್ಕೊಂಡೆನಲ್ಲ, ಆಗ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಎಲ್ಲಿ ನಿಂತುಹೋಗುತ್ತೋ ಅಂತ ಮಗಳ ಎದೆ ಮೇಲೆ ಕೈ ಇಟ್ಕೊಂಡೇ ಮಲಗ್ತೀನಿ, ಡಾಕ್ಟ್ರಮ್ಮ... ದಿನಾ!”

ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು ಅವಳು ಎದ್ದು ಹೋದಳು.

ಮೂರು ಗಂಟೆಗೆ ಕವನಾ ಮನೆಗೆ ಬಂದು, ಪೊಲೀಸರಿಗೆ ಕೊಡಲೆಂದು ತಾನು ಬರೆದ ಹೇಳಿಕೆಯನ್ನು ಚೀಲದಿಂದ ತೆಗೆದು ಮಾವನ ಕೈಗೇ ಕೊಟ್ಟಳು. ಮಲ್ಲಿಕಾರ್ಜುನ ಕನ್ನಡಕ ಏರಿಸಿ, ಕಾಫಿ ಬೋರ್ಡಿನ ಸುತ್ತೋಲೆಯನ್ನು ಓದುವಷ್ಟೇ ಸಾವಧಾನವಾಗಿ ಓದಿದರು.

“ನಿನ್ನ ರಿಜಿಸ್ಟ್ರೇಷನ್ನೇ ಹೋಗುತ್ತೆ, ಗೊತ್ತಲ್ಲ? ಕೇಸು ಮೊದಲು ನಿನ್ನ ಮೇಲೆ, ಆಮೇಲೆ ನಮ್ಮ ಮೇಲೆ.”

“ಗೊತ್ತು ಮಾವ.”

“ಮಣ್ಣು ಮಾಡಿದ ಹೆಣ ತೆಗೆಸ್ತಾರೆ. ಆ ಹೆಂಗಸಿಗೆ ಅದು ಬೇಕಾ? ನಿನ್ನ ಮನಸ್ಸಿನ ಸಮಾಧಾನಕ್ಕೆ ಅವಳ್ಯಾಕೆ ಬಲಿಯಾಗ್ಬೇಕು?”

ಕವನಾ ಕಾಗದವನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಂಡಳು. ದಾರಿಯುದ್ದಕ್ಕೂ ಈ ಪ್ರಶ್ನೆಯನ್ನೇ ತನ್ನನ್ನು ತಾನು ಕೇಳಿಕೊಂಡಿದ್ದಳು. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡ ಶಂಕರಮ್ಮ ಒಳಗಿನಿಂದ ಬಂದರು.

“ಉಂಡ ಮನೆ ಮೇಲೆ ಪೊಲೀಸರನ್ನ ತರ್ತಾಳಂತೆ! ಈ ಮೆಟ್ಟಿಲು ಇಳಿದ್ರೆ ಮತ್ತೆ ಹತ್ಬೇಡ ಕಣೇ!”

ಕಂಬಕ್ಕೆ ಒರಗಿ ನಿಂತಿದ್ದ ಗಂಡ ದಿಲೀಪ್ ಆವರೆಗೂ ತಲೆ ಎತ್ತಿರಲಿಲ್ಲ. ಹೆಂಡತಿ ಮೊದಲ ಮೆಟ್ಟಿಲು ಇಳಿದಾಗ ಅವನ ದನಿ ಒಡೆಯಿತು. “ಬಿದಿರಿನ ಏಣಿ ಇಲ್ಲದಿದ್ರೆ ಅಲ್ಯೂಮಿನಿಯಂದೇ ತಗೊಳ್ಳಿ ಅಂದಿದ್ದು ನಾನು... ನನ್ನ ಹೆಸರೂ ಬರ್ದಿದೀಯಾ?”

“ಇಲ್ಲ. ಹೇಳಿದ್ದು ಯಾರು ಅಂತ ನಂಗೆ ಗೊತ್ತೇ ಇರ್ಲಿಲ್ಲ.” ಅವಳ ಕಣ್ಣು ತುಂಬಿತು. “ನನ್ನ ಹೆಸರೊಂದೇ ಇದೆ.”

ದಿಲೀಪ್ ಒಳಗೆ ಹೋದ. ಹೋದವನು ಬರಲಾರ ಎಂದುಕೊಂಡು ಅವಳು ಗೇಟು ದಾಟಿದ್ದಳು. ಹಿಂದಿನಿಂದ ಜೀಪು ಬಂದು ನಿಂತಿತು.

“ಹತ್ತು. ಈ ಹೊತ್ತಲ್ಲಿ ಠಾಣೆ ಕಡೆಗೆ ಬಸ್ಸಿಲ್ಲ. ಏಣಿ ವಿಷಯ ನಾನೇ ಹೇಳ್ತೀನಿ.”

ಬೆಳ್ಳಿಯಪ್ಪ ಮಲಗಿ ಹೋಗಿದ್ದ ಅದೇ ಜೀಪು. ಹಿಂದಿನ ಸೀಟಿನ ಕಡೆ ಇಬ್ಬರೂ ತಿರುಗಿ ನೋಡಲಿಲ್ಲ.

ಬಾಳೂರಿನ ತಿರುವಿನಲ್ಲಿ ಬಸ್ಸಿಳಿದ ತಾಯಿ ಮಗಳು ತೋಟದ ಆಳುಗಳ ಲೈನು ಮನೆಗಳ ದಾರಿ ಹಿಡಿದಿದ್ದರು. ದಿಲೀಪ್ ಜೀಪು ನಿಲ್ಲಿಸಿದ. ಕವನಾ ಇಳಿದು, ಹೇಳಿಕೆಯ ಕಾಗದವನ್ನು ಕುಸುಮಾಳ ಮುಂದೆ ಹಿಡಿದಳು. “ಇದನ್ನ ಕೊಟ್ರೆ ಅವರನ್ನ ಮಣ್ಣಿಂದ ತೆಗೀಬಹುದು ಕುಸುಮಾ. ಬೇಡ ಅಂದ್ರೆ...”

“ಹೋದ್ಸಲಾನೂ ಬೇಡ ಅಂದಿದ್ದು ನಾನೇ” ಎಂದಳು ಕುಸುಮಾ. “ಏನೂ ಗೊತ್ತಿಲ್ಲದೆ ಅಂದೆ. ಈಗ ಗೊತ್ತು. ಹೋಗಿ ಕೊಡಿ. ನಿಮ್ಮನ್ನ ಮಾತ್ರ ನಾನು ಕ್ಷಮಿಸಲ್ಲ ಡಾಕ್ಟ್ರಮ್ಮ.”

ಅವಳು ಮಗಳ ಕೈ ಬಿಟ್ಟಳು. “ಓಡೇ. ನಿಂಗೇನೂ ಆಗಿಲ್ಲ. ಓಡು!”

ರೂಪಶ್ರೀ ಅಮ್ಮನ ಮುಖ ನೋಡಿದಳು. ನಾಲ್ಕು ಹೆಜ್ಜೆ ಓಡಿದಳು. ಐದನೆಯದಕ್ಕೆ ಗಕ್ಕನೆ ನಿಂತು, ಅಂಗೈಯನ್ನು ಎದೆಯ ಎಡಭಾಗಕ್ಕೆ ಒತ್ತಿಕೊಂಡು, ಒಳಗೆ ಬಡಿಯುತ್ತಿದೆಯೇ ಎಂದು ಆಲಿಸತೊಡಗಿದಳು.

ಜೀಪು ಠಾಣೆಯ ಕಡೆ ಹೊರಟಿತು. ಹುಡುಗಿ ಇನ್ನೂ ಹಾಗೆಯೇ ನಿಂತಿದ್ದಳು.